ಅಕ್ಕನ ಕೈ, ನನ್ನ ಮೂಗು

ಪಾರಕ್ಕ, ಆ ವರ್ಷ ನಮ್ಮ ದವನದ ಹೊಲ ಸುಟ್ಟುಹೋದದ್ದು ನಿನ್ನ ಕೈಗುಣದಿಂದಲ್ಲ. ನನ್ನ ಮೂಗಿನಿಂದ. ನನಗೆ ಆಗ ವಾಸನೆಯೇ ಬರುತ್ತಿರಲಿಲ್ಲ — ಅದನ್ನು ಮುಚ್ಚಿಟ್ಟೆ, ಮುಚ್ಚಿಡುವುದಕ್ಕಾಗಿಯೇ ನಿನ್ನ ಕೈಯ ಮೇಲೆ ಅಪವಾದ ಹೊರಿಸಿದೆ. ಇಷ್ಟು ಹೇಳಲು ನನಗೆ ಹತ್ತು ವರ್ಷದ ಮೇಲೆ ಬೇಕಾಯಿತು.

ಇವತ್ತಿಗೂ ಬರುವುದಿಲ್ಲ. ಒಗ್ಗರಣೆ ಸೀದರೆ ಹೊಗೆ ಕಣ್ಣಿಗೆ ತಾಗಿದ ಮೇಲೆಯೇ ತಿಳಿಯುವುದು. ಆದರೆ ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಕಣ್ಣು ಮುಚ್ಚಿದರೆ, ಕನಸಿನಲ್ಲಿ ಬರುತ್ತದೆ — ದವನ, ಹಸಿ ದವನ, ಎಳೆಬಿಸಿಲಿಗೆ ಮೈಬಿಟ್ಟ ದವನ. ಆ ಬೂದುಹಸಿರಿನ ನಡುವೆ ನೀನು ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುತ್ತಿರುತ್ತೀಯ, ಕಾಲು ನೆಲಕ್ಕೆ ತಾಗದ ಹಾಗೆ. ನಾನು ಕೂಗುತ್ತೇನೆ, ನೀನು ತಿರುಗುವುದಿಲ್ಲ. ಎಚ್ಚರವಾದ ಮೇಲೆ ಸೆರಗನ್ನು ಮೂಗಿಗೆ ಹಿಡಿದು ನೋಡುತ್ತೇನೆ, ಎಲ್ಲಾದರೂ ಒಂದಿಷ್ಟು ಉಳಿದಿದೆಯೇನೋ ಎಂದು. ನಗಬೇಡ.

ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು — ನೀನು ಹಿರಿಮಗನಿಗೆ, ನಾನು ಕಿರಿಯವನಿಗೆ. ನೀನು ಸಂತೆಕಲ್ಲೂರಿನ ಒಕ್ಕಲು ಮನೆಯವಳು. ನಾನು ಮುದಗಲ್ಲಿನಲ್ಲಿ ಊದಿನಕಡ್ಡಿ, ಅತ್ತರು ಮಾರುವವನ ಮಗಳು. ಹೊಲದ ಕೆಲಸ ಒಂದೂ ಬಾರದು. ಕುಡುಗೋಲು ಹಿಡಿದರೆ ಜೋಳಕ್ಕಿಂತ ಮೊದಲು ನನ್ನ ಬೆರಳನ್ನೇ ಕೊಯ್ದುಕೊಳ್ಳುತ್ತಿದ್ದೆ. ನಿನ್ನ ಕೈಯೋ — ಮಸ್ಕಿ ಸುತ್ತಿನ ಎಷ್ಟೋ ಮನೆಯವರು ಮೊದಲ ಹಿಡಿ ಬೀಜ ಬಿತ್ತಲು ನಿನ್ನನ್ನೇ ಕರೆಯುತ್ತಿದ್ದರು. ಪಾರವ್ವ ಮುಟ್ಟಿದ್ದು ಹುಸಿಹೋಗುವುದಿಲ್ಲ ಎಂಬ ಮಾತಿತ್ತು. ಹೊಸ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟುಕೊಂಡು ನೀನು ಹೊರಟರೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಕಿಚ್ಚೇ ಅದು. ಬೇರೆ ಹೆಸರು ಕೊಡಲಾರೆ.

ಊರಿಗೆ ಮೊದಲ ಟಿವಿ ಬಂದ ಕಾಲಕ್ಕೆ ಸಿಂಧನೂರಿನ ಎಣ್ಣೆ ಸಾಹುಕಾರರೊಬ್ಬರು ಬಂದು, ದವನ ಬೆಳೆಯಿರಿ, ಭಟ್ಟಿ ಇಟ್ಟು ಎಣ್ಣೆ ಇಳಿಸೋಣ ಎಂದರು. ಆಗ ನನಗೂ ಒಂದು ಬೆಲೆ ಬಂತು. ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಯಾವ ಮಡಿ ಕೊಯ್ಲಿಗೆ ಬಂದಿದೆ, ಯಾವುದಕ್ಕೆ ಇನ್ನೂ ಬಿಸಿಲು ಬೇಕು ಎಂದು ಹೇಳುತ್ತಿದ್ದೆ. ತಪ್ಪುತ್ತಿರಲಿಲ್ಲ. ಅತ್ತೆ ಅಂದರಲ್ಲ, ನೆನಪಿದೆಯೇ? “ನಮ್ಮನ್ಯಾಗ ಒಬ್ಬಾಕಿದು ಕೈ, ಒಬ್ಬಾಕಿದು ಮೂಗು. ಇನ್ನೇನ ಬೇಕು?” ಆ ಮಾತನ್ನು ನಾನು ಎಷ್ಟು ದಿನ ಚಪ್ಪರಿಸಿದೆನೋ.

ಚೀಲದ ಗೊಬ್ಬರ ಹೆಚ್ಚಾದರೆ ದವನ ಸೊಕ್ಕಿ ಬೆಳೆದು ಎಣ್ಣೆ ಬಿಡುವುದಿಲ್ಲ ಎಂದು ಸಾಹುಕಾರರು ಎಚ್ಚರಿಸಿದ್ದರು. ಅದಕ್ಕೇ ನಾವು ಹುಳಿನೀರು ಮಾಡುತ್ತಿದ್ದೆವು. ಕುಟ್ಟಿದ ನುಗ್ಗೆಸೊಪ್ಪು, ಆಕಳ ಗಂಜಳ, ಹುಳಿಮಜ್ಜಿಗೆ, ಬೆಲ್ಲ — ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಾವಿಯ ಪಕ್ಕದ ಬೇವಿನ ನೆರಳಲ್ಲಿ ಇಡುವುದು. ಹದಕ್ಕೆ ಬಂದರೆ ರಾತ್ರಿ ಉಳಿದ ಅಂಬಲಿಯ ಹಾಗೆ ಹುಳಿಹುಳಿ ವಾಸನೆ. ಅದನ್ನು ನೀರಿಗೆ ಬೆರೆಸಿ ಎಳೆ ಸಸಿಗಳಿಗೆ ಚಿಮುಕಿಸಿದರೆ, ಯಾರೋ ಹೆಸರು ಹಿಡಿದು ಕರೆದಂತೆ ಎದ್ದು ನಿಲ್ಲುತ್ತಿದ್ದವು. ಹದ ಮೀರಿ ಕೊಳೆತರೆ ಅದೇ ನೀರು ಸಸಿ ಸುಡುತ್ತದೆ. ಬಣ್ಣ ನೋಡಿ ತಿಳಿಯುವುದಿಲ್ಲ, ನೊರೆ ನೋಡಿ ತಿಳಿಯುವುದಿಲ್ಲ. ಮೂಗೊಂದೇ ಗತಿ.

ಆ ವರ್ಷ ಬಿತ್ತಿದ ಮೇಲೆ ನನಗೆ ಜ್ವರ ಬಂತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆಯಾ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು. ಬಿಳಿ ನೀರು ಕಂಡಿತು, ವಾಸನೆ ಬರಲಿಲ್ಲ. ಜ್ವರದ ಅಮಲು ಎಂದುಕೊಂಡೆ. ಜ್ವರ ಇಳಿಯಿತು, ಬಸ್ಸು ಹತ್ತಿ ಮನೆಗೆ ಬಂದೆ. ಹಾಲು ಉಕ್ಕಿ ಸೀಯಿತು — ಇಲ್ಲ. ದೇವರ ಮುಂದೆ ಲೋಬಾನ ಹಾಕಿದರು — ಇಲ್ಲ. ಲೋಕವೆಲ್ಲ ಗಾಜಿನ ಆಚೆ ನಡೆಯುತ್ತಿದ್ದ ಹಾಗಿತ್ತು.

ನಿನಗಾದರೂ ಹೇಳಬಹುದಿತ್ತು. ಆದರೆ ಮೂಗು ಹೋದರೆ ಆ ಮನೆಯಲ್ಲಿ ನಾನೇನು? ಬೆರಳು ಕೊಯ್ದುಕೊಳ್ಳುವ ಮುದಗಲ್ಲಿನ ಹುಡುಗಿ, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರಾದರೂ ವಾಸನೆಯ ಮಾತೆತ್ತಿದರೆ ಸಾಕು, ನಾನು ನತ್ತು ಸರಿಮಾಡಿಕೊಳ್ಳುತ್ತಿದ್ದೆ.

ಅವತ್ತು ಬಾವಿಯ ಹತ್ತಿರ ನಾವಿಬ್ಬರೇ. ನೀನು ಗಡಿಗೆಯ ಬಟ್ಟೆ ಬಿಚ್ಚಿದವಳು ಮುಖ ಹಿಂದಕ್ಕೆ ಎಳೆದುಕೊಂಡೆ.

“ಯಾಕೋ ನಾತ ಹೊಡ್ಯಾಕತ್ತೈತಲ್ಲಬೇ ನೀಲಾ. ಕೆಟ್ಟೈತೇನ ನೋಡು.”

ನಾನು ಬಗ್ಗಿ ಉಸಿರೆಳೆದೆ. ಗಾಳಿ — ಬರೀ ತಣ್ಣನೆಯ ಗಾಳಿ.

“ಇಲ್ಲಕ್ಕ, ಹದಕ್ಕ ಬಂದೈತಿ. ಹಾಕು.”

“ನನಗ್ಯಾಕೋ...”

“ನಿನಗೇನ ತಿಳೀತೈತಿ? ಮೂಗು ನಂದು.”

ನೀನು ನಕ್ಕುಬಿಟ್ಟೆ. “ಖರೇ ಐತಿ ಬಿಡು, ನಿನ್ನ ಮೂಗಿನ ಮುಂದ ನಂದ್ಯಾವ ಲೆಕ್ಕ” ಅಂದೆ. ಮಡಿಮಡಿಗೂ ನೀನೇ ಚಿಮುಕಿಸಿದೆ, ಹಾಡಿಕೊಳ್ಳುತ್ತ.

ಆಮೇಲೆ ಎಲೆಯ ಅಂಚು ಕಂದಿತು. ಕಂದಿದ್ದು ಹರಡಿತು. ಕೆಲವೇ ದಿನಗಳಲ್ಲಿ ಹೊಲ ಒಲೆಯ ಬೂದಿ ಚೆಲ್ಲಿದ ಹಾಗೆ ಆಯಿತು. ಅತ್ತೆ ಬದುವಿನ ಮೇಲೆ ಕುಳಿತು, ಕಂದಿದ ಸಸಿಯೊಂದನ್ನು ಕಿತ್ತು ಬೇರು ತಿರುಗಿಸಿ ನೋಡಿದರು. ಕೊನೆಗೆ ನಮ್ಮಿಬ್ಬರನ್ನೂ ನೋಡಿ ಕೇಳಿದರು, “ಬಿತ್ತೂ ದಿನ ಏನರ ಅಪಶಕುನ ಆಗಿತ್ತೇನು?”

ಬಿತ್ತುವ ದಿನ ಬಾವಿಯ ಕಲ್ಲಿಗೆ ತಾಗಿ ನಿನ್ನ ಬಲಗೈಯ ಬಳೆ ಒಡೆದಿತ್ತು. ನೀನು ಚೂರುಗಳನ್ನು ಬೇಲಿಯ ಬುಡಕ್ಕೆ ಎಸೆದು, ಯಾರಿಗೂ ಹೇಳಬೇಡ ಎಂದು ನನಗೆ ಕಣ್ಣು ಮಿಟುಕಿಸಿದ್ದೆ. ನೋಡಿದವಳು ನಾನೊಬ್ಬಳೇ. ಅತ್ತೆಯ ಮುಂದೆ ನಾನು ಅಂದೆ — ಯಾರೂ ನನ್ನ ಬಾಯಿಗೆ ಕೋಲು ಹಾಕಿರಲಿಲ್ಲ —

“ಅಕ್ಕನ ಬಳಿ ಒಡದಿತ್ತಲ್ಲ, ಅತ್ತಿ. ಬೀಜ ಹಿಡದ ಕೈದು.”

ನೀನು ನನ್ನ ಕಡೆ ನೋಡಿದೆ. ಗಡಿಗೆ ನಾತ ಹೊಡೆಯುತ್ತಿತ್ತು ಎಂದು ಆಗ ನೀನು ಹೇಳಬಹುದಿತ್ತು. ಅತ್ತೆಗೆ, ಭಾವನಿಗೆ, ಯಾರಿಗಾದರೂ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ. ನನ್ನ ಮೂಗನ್ನು ಅಷ್ಟು ನಂಬಿದ್ದೆಯೋ, ಇಲ್ಲ ಎಲ್ಲ ತಿಳಿದೂ ನನ್ನ ಮಾನ ಕಾಯ್ದೆಯೋ — ಇವತ್ತಿಗೂ ನನಗೆ ತಿಳಿಯದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸುತ್ತಿನ ಊರವರು ನಿನ್ನನ್ನು ಕರೆಯುವುದು ಬಿಟ್ಟರು. ಬಿತ್ತನೆಯ ದಿನ ಬಂದರೆ ನೀನು ತವರಿಗೆ ಹೋಗುತ್ತಿದ್ದೆ. ಅಂಗಳದ ತುಳಸಿ ಮುರಿದಾಗ ಹೊಸದನ್ನು ನೀನು ನೆಡದೆ ನನ್ನ ಮಗಳ ಕೈಯಿಂದ ನೆಡಿಸಿದೆ. ಮನೆಗಳು ಬೇರೆಯಾದವು, ನೀವು ಗೊರೇಬಾಳಕ್ಕೆ ಹೋದಿರಿ, ಅತ್ತೆ ಏನೂ ತಿಳಿಯದೆ ಕಣ್ಣು ಮುಚ್ಚಿದರು. ನನ್ನ ಮೂಗು ಕಳೆದದ್ದನ್ನೂ ಯಾರೂ ಹಿಡಿಯಲಿಲ್ಲ. ದವನವೇ ಬೇಡವೆಂದು ನಮ್ಮವರು ಕೈಬಿಟ್ಟಿದ್ದರಿಂದ ಮತ್ತೆ ಮೂಸುವ ಪ್ರಸಂಗವೇ ಬರಲಿಲ್ಲ. ನಾನು ಗೆದ್ದೆ, ನೋಡು.

ಹೋದ ವರ್ಷ ಮಗಳ ಮದುವೆಯಲ್ಲಿ ಅರಿಷಿಣ ಹಚ್ಚುವಾಗ ನಾನೇ ಕರೆದೆ, “ಅಕ್ಕಾ, ಮೊದಲ ನೀ ಹಚ್ಚು ಬಾ.” ನೀನು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ನನ್ನ ಕೈ ಬ್ಯಾಡಬೇ. ಕೂಸಿನ ಬಾಳ್ವಿ ಚಂದಿರಲಿ.”

ನೀನು ಎತ್ತಿ ಆಡಿಸಿದ ಮಗು ಅಕ್ಕ, ಅವಳು. ಆ ಕ್ಷಣದಲ್ಲಿ ಹೇಳಬೇಕಿತ್ತು. ಹೆಂಗಸರೆಲ್ಲ ಇದ್ದರು, ಸೋಬಾನೆ ಹಾಡುತ್ತಿದ್ದರು. ನಾನು ಬಟ್ಟಲನ್ನು ಬೇರೊಬ್ಬಳ ಕೈಗೆ ಕೊಟ್ಟೆ.

ನಿಮ್ಮಲ್ಲಿ ನೆಲ್ಲು ನಾಟಿ ನಡೆಯುವಾಗ ನೀನು ಕೆಸರಿಗೆ ಕೈಯಿಕ್ಕದೆ ಬದುವಿನ ಮೇಲೆ ನಿಂತಿರುತ್ತೀಯಂತೆ, ಬುತ್ತಿ ಹೊತ್ತುಕೊಂಡು. ನಾಡಿದ್ದು ನಿಮ್ಮ ನಾಟಿ. ನಾನು ಸಿಂಧನೂರಿಗೆ ಬಂದು ಗೊರೇಬಾಳಕ್ಕೆ ಆಟೋ ಹಿಡಿಯುತ್ತೇನೆ. ನಾಟಿಯ ಹೆಂಗಸರೆಲ್ಲರ ಮುಂದೆ, ಗಡಿಗೆಯ ಮಾತು, ಬಳೆಯ ಮಾತು, ಎರಡನ್ನೂ ಹೇಳುತ್ತೇನೆ. ಆಮೇಲೆ ಮಸ್ಕಿಗೆ ಬಂದು ಇಲ್ಲಿಯವರಿಗೂ ಹೇಳುತ್ತೇನೆ, ನಿನ್ನನ್ನು ಕರೆಯುತ್ತಿದ್ದ ಮನೆಮನೆಗೂ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದು ನನಗೆ ಗೊತ್ತು.

ನನ್ನ ಉಡಿಯಲ್ಲಿ ಒಂದು ಹಿಡಿ ದವನದ ಬೀಜ ಇರುತ್ತದೆ, ಹೊಸದು. ನಿನ್ನ ಹಿತ್ತಲಲ್ಲಿ ಬಿತ್ತುತ್ತೀಯೋ, ಕಾಲುವೆಗೆ ಚೆಲ್ಲುತ್ತೀಯೋ, ನಿನಗೆ ಬಿಟ್ಟದ್ದು. ಬಿತ್ತಿದರೆ ಅದು ಹುಟ್ಟೇ ಹುಟ್ಟುತ್ತದೆ. ಎಲೆ ಉಜ್ಜಿ ಮೂಸಿ ಕೊಯ್ಲಿನ ಹದ ಹೇಳುವವಳು ಮಾತ್ರ ಈ ಸಲ ನೀನೇ ಆಗಬೇಕು, ಅಕ್ಕ. ನನಗೆ ವಾಸನೆ ಬರುವುದಿಲ್ಲ.