ಹೂವಿನ ಸರದಿ

ನಳಿನಾಕ್ಷಿ ತಪ್ಪು ಹುಡುಕುವ ಹೆಂಗಸು. ಇದನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ. ಕನ್ನಡ ಸಂಘದ ಕರೆಯೋಲೆ ಕೈಗೆ ಬಂದರೆ, ಹಬ್ಬ ಯಾವತ್ತು ಎಂಬುದನ್ನು ನೋಡುವ ಮೊದಲು ಕಾಗುಣಿತ ನೋಡುತ್ತಿದ್ದಳು. ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ, ಅದನ್ನು ಹೇಳದೆ ಎದ್ದವಳಲ್ಲ. ಅವಳ ಹೊಟ್ಟೆಪಾಡೂ ಅದೇ ಆಗಿತ್ತು. ೧೯೯೯ರ ಆ ವಸಂತದಲ್ಲಿ ಪಾರ್ಸಿಪನಿ ಎಂಬ ಊರಿನ ಆಫೀಸೊಂದರಲ್ಲಿ ಕೂತು, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳನ್ನು ಎರಡು ಸಾವಿರ ಬರುವುದರೊಳಗೆ ತಿದ್ದುತ್ತಿದ್ದಳು. ಸಂಜೆ ಸಮರ್‌ಸೆಟ್ಟಿನ ಮನೆಗೆ ಬಂದ ಮೇಲೆ ಗಂಡ ಶಿವರಾಮನನ್ನು ತಿದ್ದುತ್ತಿದ್ದಳು.

ಆಫೀಸಿನ ಗೆಳತಿ ಹಿರೋಕೊ ಒಂದು ದಿನ ಬಂದು, ನಿಮ್ಮ ವ್ಯಾನ್ ಶನಿವಾರ ಸಿಗುತ್ತದೆಯೇ ಎಂದು ಕೇಳಿದಳು. ಜಪಾನಿನಿಂದ ಅವಳ ಕಾವ್ಯಗುರು ತನಾಬೆ ಮತ್ತು ಅವರ ಸಂಗಾತಿ ಮೋರಿ ಬಂದಿದ್ದರು. ಇಬ್ಬರೂ ಜೊತೆಯಾಗಿ ಊರೂರು ತಿರುಗುತ್ತ, ದಾರಿಯಲ್ಲಿ ಕಂಡದ್ದನ್ನು ಸರಣಿ ಪದ್ಯವಾಗಿ ಕಟ್ಟುವವರು. ಒಬ್ಬರು ಮೂರು ಸಾಲು ಹೇಳಿದರೆ ಇನ್ನೊಬ್ಬರು ಅದಕ್ಕೆ ಎರಡು ಸಾಲು ಜೋಡಿಸುತ್ತಾರೆ, ಅದಕ್ಕೆ ಮತ್ತೊಬ್ಬರು ಮೂರು. ಹೀಗೆ ಮೂವತ್ತಾರು ಪದ್ಯ. ಈ ಸಲ ಹಡ್ಸನ್ ನದಿಯ ದಡ ಹಿಡಿದು ಬೇರ್ ಮೌಂಟನ್‌ವರೆಗೆ ಹೋಗಿ ಬರುವುದರೊಳಗೆ ಮುಗಿಸಬೇಕು. ಜೊತೆಗೆ ಬಂದವರು ಸುಮ್ಮನೆ ನೋಡುತ್ತ ಕೂರುವಂತಿಲ್ಲ, ಅವರೂ ಕಟ್ಟಬೇಕು. ಯಾವ ಪದ್ಯ ಸೇರಬೇಕೆಂಬುದು ಗುರುವಿನ ತೀರ್ಮಾನ.

ನಳಿನಾಕ್ಷಿ ಕೂಡಲೇ ಒಪ್ಪಿದಳು. ಮೈಸೂರಿನಲ್ಲಿ ಕಾಲೇಜು ಓದುವಾಗಿನಿಂದ ಪದ್ಯ ಬರೆದವಳು ಅವಳು. ಒಂದೂ ಎಲ್ಲೂ ಅಚ್ಚಾಗಿರಲಿಲ್ಲ. ಈ ಸರಣಿಯಲ್ಲಿ ತನ್ನದೊಂದು ಪದ್ಯ ಸೇರಲೇಬೇಕೆಂದು ಹಟ ಹಿಡಿದಳು.

"ರೀ, ಶನಿವಾರ ವ್ಯಾನಲ್ಲಿ ಕವಿಗಳು ಕೂತ್ಕೋತಾರೆ. ಕ್ಲೀನ್ ಮಾಡಿಡಿ."

"ಡ್ರೈವ್ ಬೇಕಾದ್ರೆ ಮಾಡ್ತೀನಿ ಕಣೇ. ಪದ್ಯ ಗಿದ್ಯ ನನ್ ಕೈಲಾಗಲ್ಲ."

"ನಿಮ್ಮನ್ನ ಯಾರು ಕೇಳಿದ್ರು? ಸ್ಟೀರಿಂಗ್ ಹಿಡಿದೋರಿಗೆ ಮಾಫಿ ಅಂತೆ."

ಶನಿವಾರ ಬೆಳಿಗ್ಗೆ ಹೋಬೋಕನ್ನಿನಲ್ಲಿ ಫೆರಿ ದೋಣಿಯಿಂದ ಇಳಿದ ತನಾಬೆ ಎಪ್ಪತ್ತು ದಾಟಿದ ಪುಟ್ಟ ಹೆಂಗಸು. ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ಮೊದಲ ಪದ್ಯ ಹೇಳಿಬಿಟ್ಟರು. ಹಿರೋಕೊ ಅದನ್ನು ಇಂಗ್ಲಿಷಿಗೆ ತಂದಳು, ನಳಿನಾಕ್ಷಿ ಗಂಡನಿಗಾಗಿ ಕನ್ನಡಕ್ಕೆ:

ದೋಣಿ ಬಂದು ನಿಂತರೂ
ಏಳಲೊಲ್ಲದು
ಬಂದರಿನ ಮಂಜು

ಮೋರಿ ಕೈಯಲ್ಲಿದ್ದ ಲೋಟ ಎತ್ತಿ ತೋರಿಸುತ್ತ ಜೋಡಿಸಿದರು:

ಕಾಗದದ ಲೋಟದ ಕಾಫಿ
ಮೊದಲು ಅಂಗೈ ಕುಡಿಯಿತು

ನಳಿನಾಕ್ಷಿಗೆ ತಡೆಯಲಾಗಲಿಲ್ಲ. "ನಾನು, ನಾನು!" ಎಂದು ಶಾಲೆಯ ಹುಡುಗಿಯಂತೆ ಕೈಯೆತ್ತಿದಳು.

ಲೋಟದಿಂದೆದ್ದ ಹಬೆ
ಕಿಟಕಿಗೆ ತಾಗಿ
ಮತ್ತೆ ಬಂದರಿನ ಮಂಜು

ತನಾಬೆ ನಕ್ಕು ಅಡ್ಡಡ್ಡ ತಲೆಯಾಡಿಸಿದರು. ಹಿರೋಕೊ ಮೆಲ್ಲಗೆ ಹೇಳಿದಳು. "ಚೆನ್ನಾಗಿದೆಯಂತೆ. ಆದರೆ ಸೇರುವುದಿಲ್ಲ. ನೀವು ಮೊದಲನೆಯದಕ್ಕೆ ವಾಪಸು ಹೋದಿರಿ. ಈಗಷ್ಟೇ ಹೇಳಿದ್ದಕ್ಕೆ ಮಾತ್ರ ಜೋಡಿಸಬೇಕು. ಅದರ ಹಿಂದಿನದನ್ನು ಬಿಟ್ಟು ಮುಂದಕ್ಕೆ ಹೋಗಬೇಕು."

"ವಾಪಸು ಹೋಗದಿದ್ದರೆ ಅದು ಹಾಡು ಹೇಗಾಗುತ್ತದೆ?" ನಳಿನಾಕ್ಷಿ ವಾದಕ್ಕೆ ನಿಂತಳು. ಒಂಬತ್ತು ವರ್ಷ ಸಂಗೀತ ಕಲಿತವಳು. ಎಷ್ಟು ಚರಣ ಹಾಡಿದರೂ ಪಲ್ಲವಿಗೆ ಬಂದು ನಿಲ್ಲಬೇಕೆಂದು ಮೇಷ್ಟ್ರು ತೊಡೆಗೆ ಹೊಡೆದು ಕಲಿಸಿದ್ದರು.

"ಏನೇ, ರಿಜೆಕ್ಟಾ?" ಎಂದ ಶಿವರಾಮ.

"ರೋಡ್ ನೋಡಿ."

ವ್ಯಾನ್ ನದಿಯ ಪಕ್ಕದ ಕಡಿದಾದ ಬಂಡೆಗಳ ಮೇಲೆ ಓಡುತ್ತಿತ್ತು. ಎಡಕ್ಕೆ ಕಾಡು, ಬಲಕ್ಕೆ ಮರಗಳ ಸಂದಿಯಲ್ಲಿ ಥಳಥಳಿಸುವ ನೀರು. ಮೂರು ಭಾಷೆಗಳಲ್ಲಿ ಕೂಗಾಟ. ಒಬ್ಬರ ಪದ್ಯ ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ತೆರೆಯುತ್ತಿದ್ದರು. ತನಾಬೆ ಖುಷಿಯಾದಾಗ ಮುಂದಿನ ಸೀಟನ್ನು ಎರಡೂ ಕೈಯಿಂದ ಬಡಿಯುತ್ತಿದ್ದರು. ನಳಿನಾಕ್ಷಿ ಮತ್ತೆ ಮತ್ತೆ ಕಟ್ಟಿದಳು, ಮತ್ತೆ ಮತ್ತೆ ಯಾವುದೋ ಹಳೆಯ ಸಾಲಿಗೆ ಹೋಗಿ ಸಿಕ್ಕಿಕೊಂಡಳು. ಒಂದೂ ಸೇರಲಿಲ್ಲ.

ಬೇರ್ ಮೌಂಟನ್ನಿನಲ್ಲಿ ಬುತ್ತಿ ಬಿಚ್ಚಿ ಪುಳಿಯೋಗರೆ ತಿನ್ನುವಾಗ ಅವಳ ಹಳೆಯ ಬುದ್ಧಿ ಹೊರಬಂತು. "ಮೋರಿಯವರು ಪದ್ಯದಲ್ಲಿ ಗಿಡುಗ ಅಂದರಲ್ಲ, ಅದು ಗಿಡುಗ ಅಲ್ಲ, ರಣಹದ್ದು. ತಲೆ ಕೆಂಪಗಿದೆ ನೋಡಿ."

ಮೋರಿ ಗಾಬರಿಯಾಗಿ ಆಕಾಶ ನೋಡಿದರು. ತನಾಬೆ ಬಾಯಲ್ಲಿದ್ದ ತುತ್ತು ನುಂಗಿ ಏನೋ ಅಂದರು.

"ಆ ಹಕ್ಕಿ ಆಗಲೇ ಹಾರಿಹೋಗಿದೆ, ಬಿಡಿ ಅನ್ನುತ್ತಾರೆ," ಎಂದಳು ಹಿರೋಕೊ.

ತಿರುಗಿ ಬರುವಾಗ ಜಿಟಿಜಿಟಿ ಮಳೆ ಶುರುವಾಯಿತು. ಹೋಬೋಕನ್ ಹತ್ತಿರವಾದಂತೆ ಉಳಿದದ್ದು ಎರಡೇ ಪದ್ಯ. ಕೊನೆಯದನ್ನು ತನಾಬೆಯವರೇ ಹೇಳುವವರು. ಅದರ ಹಿಂದಿನದು ಹೂವಿನ ಪದ್ಯ. ಇಡೀ ಸರಣಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯ ಜಾಗವಿಲ್ಲ. ತನಾಬೆ ಅದನ್ನು ನಳಿನಾಕ್ಷಿಗೆ ಕೊಟ್ಟರು. ಬೇಕಾದರೆ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು, ಹಾಗೆ ಕೊಡುವ ಪದ್ಧತಿಯೂ ಉಂಟು ಎಂದು ಹಿರೋಕೊ ವಿವರಿಸಿದಳು. ನಳಿನಾಕ್ಷಿಗೆ ಅದು ಕೇಳಿಸಿತೋ ಇಲ್ಲವೋ. ಆಗಲೇ ಬರೆಯಲು ಪರ್ಸಿನಲ್ಲಿ ಕಾಗದ ಹುಡುಕುತ್ತಿದ್ದಳು. ಅದಕ್ಕೆ ಮುಂಚಿನ ಪದ್ಯ ಹಿರೋಕೊಳದು, ಎಲ್ಲರಿಗೂ ನಗುವ ಟೋಲ್ ಬೂತಿನವನ ಕುರಿತದ್ದು. ಬಸ್ ಟಿಕೆಟ್ಟಿನ ಹಿಂದೆ ನಳಿನಾಕ್ಷಿ ಬರೆದಳು:

ಉದುರುವ ಹೂವಿನ ಕೆಳಗೆ
ಗುರುತಿಲ್ಲದವರೂ
ಒಂದೇ ಕೊಡೆಯಲ್ಲಿ

ಹಿರೋಕೊ ಓದಿಸಿಕೊಂಡು ಅವಳ ಮೊಣಕೈ ಹಿಡಿದು ಕುಲುಕಿದಳು. "ಇದು ಹಿಂದಕ್ಕೆ ಹೋಗಿಲ್ಲ! ಗುರುಗಳು ಖಂಡಿತ ತೆಗೆದುಕೊಳ್ಳುತ್ತಾರೆ." ನಳಿನಾಕ್ಷಿ ಇನ್ನೊಮ್ಮೆ ಓದಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ.

ಫೆರಿ ದಕ್ಕೆಯ ಹತ್ತಿರದ ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಿತು, ಶಿವರಾಮ ವೈಪರ್ ನಿಲ್ಲಿಸಿದ. ಮೇಲೆ ಚೆರ್ರಿ ಮರ. ಒದ್ದೆ ಗಾಜಿನ ತುಂಬ ಎಸಳುಗಳು ಅಂಟಿದವು. ಹಸಿರು ದೀಪ ಬಂತು, ಹಿಂದಿನ ಕಾರು ಹಾರ್ನ್ ಹೊಡೆಯಿತು. ಶಿವರಾಮನ ಬೆರಳು ವೈಪರಿನ ಕಡ್ಡಿಯ ಮೇಲೆ ಹಾಗೇ ಇತ್ತು.

"ಪಾಪ, ಹೂವು ಕೂತಿದೆ," ಎಂದು ತನ್ನಷ್ಟಕ್ಕೆ ಗೊಣಗಿದ. "ವೈಪರ್ ಹ್ಯಾಗೆ ಹಾಕೋದು?"

ಹಿಂದಿನಿಂದ ಇನ್ನೆರಡು ಹಾರ್ನ್ ಕೂಗಿದವು. ಅವನು ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಮಳೆಯಲ್ಲಿ ನೆನೆಯುತ್ತ ರಸ್ತೆ ದಾಟಿಸಿ ಪಕ್ಕಕ್ಕೆ ನಿಲ್ಲಿಸಿದ. ಫೆರಿ ಆಗಲೇ ದಡಕ್ಕೆ ಬರುತ್ತಿತ್ತು.

"ಹೂವು ಎಲ್ಲಿ?" ತನಾಬೆ ಅವಸರದಿಂದ ಕೈ ಚಾಚಿದರು.

ನಳಿನಾಕ್ಷಿ ಟಿಕೆಟ್ಟನ್ನು ಮಡಚಿ ಪರ್ಸಿನೊಳಗೆ ಹಾಕಿದಳು. ಬೇರೊಂದು ಚೀಟಿ ತೆಗೆದು ಮೂರು ಸಾಲು ಬರೆದು, ಹಿರೋಕೊಗೆ ಓದಿ, ಒಂದೊಂದೇ ಪದದ ಅರ್ಥ ಹೇಳಿದಳು. ಹಿರೋಕೊ ಬೆರಳು ಮಡಚಿ ಎಣಿಸಿ, ‘ಪಾಪ’ ಎಂಬ ಮೊದಲನೆಯ ಪದದ ಮೇಲೆ ಪೆನ್ನಿಟ್ಟಳು.

"ಇದೊಂದು ಹೆಚ್ಚಾಯಿತು. ತೆಗೆದರೆ ಸಾಲು ಸರಿಹೋಗುತ್ತದೆ."

"ತೆಗೆಯಬೇಡ," ಎಂದಳು ನಳಿನಾಕ್ಷಿ. "ಅವರು ಹೇಳಿದ್ದು ಹಾಗೇ." ಚೀಟಿ ವಾಪಸು ಇಸಿದುಕೊಂಡು, ಪದ್ಯದ ಕೆಳಗೆ ಶಿವರಾಮ್ ಎಂದು ಬರೆದು, ತನಾಬೆಯವರ ಕೈಗೆ ಕೊಟ್ಟಳು.