ಜಗಲಿಯ ಮದ್ದಿಗೆ ಚೀನಾದ ಸಾಕ್ಷಿ

ಜಾವಳಿಯ ಷಡಕ್ಷರಿಯವರು ಮೂವತ್ತನಾಲ್ಕು ವರ್ಷ ಕಾಫಿ ಎಸ್ಟೇಟೊಂದರಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆದವರು. ನಿವೃತ್ತರಾದ ಮೇಲೂ ಊರು ಅವರನ್ನು ರೈಟರೆಂದೇ ಕರೆಯುತ್ತಿತ್ತು. ಅವರೂ ಷರಟಿನ ಜೇಬಿನಿಂದ ಪೆನ್ನು ತೆಗೆದಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಪುರಸೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದರು, ಸೀಮೆಯ ಕಾಫಿಯೆಲ್ಲ ತಮ್ಮ ಹಾಜರಿ ಪುಸ್ತಕ ನೋಡಿಕೊಂಡೇ ಹಣ್ಣಾಗುತ್ತಿತ್ತೇನೋ ಎಂಬಂತೆ.

ತಾಯಿ ಸರ್ವಮಂಗಳಮ್ಮ ತೀರಿಕೊಳ್ಳುವಾಗ ಮಗನಿಗೆ ಒಂದು ಮದ್ದು ಬಿಟ್ಟುಹೋಗಿದ್ದರು. ಹೊಟ್ಟೆ ಕೆಟ್ಟವರಿಗೆ, ಕರುಳು ಉರಿಯುವವರಿಗೆ ಮೂರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವ, ಕಾಡಿನ ಬಳ್ಳಿಯೊಂದನ್ನು ಕುದಿಸಿ ತೆಗೆದ ಹಳದಿ ಬಣ್ಣದ ಕಹಿ ಕಷಾಯ. ಕಾಸು ಮುಟ್ಟುವಂತಿಲ್ಲ. ಅದಕ್ಕೆ ಇನ್ನೆರಡು ಕಟ್ಟಳೆ. ಒಂದು, ಬಳ್ಳಿಯ ಹೆಸರು ಬಾಯಿಬಿಡಬಾರದು. ಬಿಟ್ಟರೆ ಮದ್ದು ತಾಗುವುದಿಲ್ಲ. ಇನ್ನೊಂದು, ಕುಡಿದವರು ಬಿಸಿಲು ಮೆಟ್ಟಿಲಿಗೆ ಬರುವವರೆಗೆ ಜಗಲಿಯಲ್ಲೇ ಕೂತು, ಮನೆಯವರು ಕೊಟ್ಟ ಗಂಜಿ ಉಂಡೇ ಏಳಬೇಕು.

ಎರಡನೆಯ ಕಟ್ಟಳೆಯ ಮೇಲೆ ಷಡಕ್ಷರಿಯವರ ಬಾಳು ನಿಂತಿತ್ತು. ಆ ಜಗಲಿಯಲ್ಲಿ ಕೂತವರೊಂದಿಗೆ ಆಡಿದ ಮಾತೇ ಅವರ ದಿನದ ಮಾತು. ಉಳಿದಂತೆ ರೇಡಿಯೊ ಮಾತಾಡುತ್ತಿತ್ತು. ಮಳೆಗಾಲದಲ್ಲಿ ಬಿಸಿಲೆಲ್ಲಿಂದ ಬರಬೇಕು? ಅಂಥ ದಿನ ಬಿಸಿಲು ಬಂತೋ ಇಲ್ಲವೋ ಎಂದು ಅವರೇ ತೀರ್ಮಾನಿಸುತ್ತಿದ್ದರು. ಹತ್ತು ಗಂಟೆಗೆ ಮೊದಲು ಒಮ್ಮೆಯೂ ಬಂದದ್ದಿಲ್ಲ.

ಪಿಕಪ್ ಓಡಿಸುವ ಹಾಲೇಶ್ ಅವರ ಕಾಯಂ ರೋಗಿ. ಅವನ ಹೊಟ್ಟೆ ವರ್ಷಕ್ಕೆ ನಾಲ್ಕು ಸಲ ತಪ್ಪದೆ ಕೆಡುತ್ತಿತ್ತು. ಷಡಕ್ಷರಿಯವರು ಯಾರ ಕೇಡನ್ನೂ ಬಯಸಿದವರಲ್ಲ. ಆದರೆ ಗಣಪತಿ ಹಬ್ಬ ಕಳೆದು ಹದಿನೈದು ದಿನವಾದರೂ ಹಾಲೇಶ್ ಬಾರದಿದ್ದರೆ ಅವರಿಗೆ ಒಂಥರಾ ಕಳವಳ.

ಹೋದ ವರ್ಷ ವಿಷ್ಣುಮೂರ್ತಿ ಮೇಷ್ಟ್ರು ಮದ್ದಿಗೆಂದು ಬಂದಾಗ ಜೊತೆಯಲ್ಲಿ ಮಗಳು ಪಂಚಮಿ ಇದ್ದಳು. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುವ ಹುಡುಗಿ. ಅಪ್ಪ ಕುಡಿದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಮರದರಿಶಿನ ಅಲ್ವಾ ಅಂಕಲ್?"

"ಹೇಳೋ ಹಾಗಿಲ್ಲಮ್ಮ."

"ಹೇಳ್ಬೇಡಿ ಬಿಡಿ, ಲೋಟನೇ ಹೇಳ್ತಿದೆ. ಇದರಲ್ಲಿರೋ ಬರ್ಬರಿನ್ ಅನ್ನೋ ಹಳದಿ ವಸ್ತು ಚೀನಾದವರ ಒಂದು ಬೇರಲ್ಲೂ ಇದೆ. ಹುವಾಂಗ್ ಲಿಯಾನ್ ಅಂತ. ಅವರೂ ಹಿಂದಿನಿಂದ ಹೊಟ್ಟೆಗೇ ಕೊಡ್ತಿದ್ರು."

ಚೀನಾ ಎಂದ ಕೂಡಲೇ ಷಡಕ್ಷರಿಯವರು ಜೇಬಿನ ಪೆನ್ನು ತೆಗೆದರು.

"ಇಲಿಯ ಕರುಳಲ್ಲಿ ಸಣ್ಣ ಸಣ್ಣ ರಕ್ತನಾಳ ಇರ್ತವಲ್ಲ, ಅದರ ಒಳಗೋಡೆಯ ಜೀವಕೋಶ ತಗೊಂಡು ಅಲ್ಲಿನ ಸಂಶೋಧಕರು ಗಾಜಿನ ತಟ್ಟೇಲಿ ಬೆಳೆಸ್ತಾರೆ," ಎಂದಳು ಪಂಚಮಿ. "ಬ್ಯಾಕ್ಟೀರಿಯಾದ ವಿಷ ಹಾಕಿದ್ರೆ ಅವಕ್ಕೆ ಉರಿ ಹತ್ತುತ್ತೆ. ಕೈ ಚಾಚಿದ ಹಾಗೆ, ರಕ್ತದಲ್ಲಿ ತಮ್ಮ ಪಾಡಿಗೆ ಹೋಗೋ ಬಿಳಿ ಕಣಗಳನ್ನ ಹಿಡಿದು ನಿಲ್ಲಿಸ್ಕೊಳ್ತವೆ. ಗುಂಪು ಸೇರಿದಷ್ಟೂ ಉರಿ ಜಾಸ್ತಿ. ಈ ಹಳದಿ ವಸ್ತು ಬಿದ್ರೆ ಕೈ ಹಿಂದಕ್ಕೆ ತಗೊಳ್ತವೆ."

"ಹಿಡಿದವರನ್ನ ಬಿಟ್ಬಿಡ್ತವಾ?"

"ಬಿಡ್ತವೆ. ಆದ್ರೆ ಅದು ತಟ್ಟೆಯಲ್ಲಿ ಮಾತ್ರ ಅಂಕಲ್. ಮನುಷ್ಯರ ಹೊಟ್ಟೇಲೂ ಹಾಗೇ ಅಂತ ಹೇಳೋಕಾಗಲ್ಲ."

ಕೊನೆಯ ಮಾತು ಷಡಕ್ಷರಿಯವರ ಕಿವಿಯವರೆಗೆ ಬಂತು, ಒಳಗೆ ಹೋಗಲಿಲ್ಲ. ಅವರಿಗೆ ಆಗಲೇ ಜಗಲಿ ಚಿಕ್ಕದಾಗಿ ಕಾಣತೊಡಗಿತ್ತು. ಮದ್ದಿನ ಹಿಂದೆ ಇಷ್ಟೆಲ್ಲ ಇದೆಯೆಂದು ತಿಳಿದರೆ ಜನ ಎಲ್ಲೆಲ್ಲಿಂದ ಬಂದಾರು, ಅವರನ್ನೆಲ್ಲ ಕೂರಿಸುವುದೆಲ್ಲಿ? ಸಿಲ್ವರ್ ಓಕ್ ಹಲಗೆಯಲ್ಲಿ ಎರಡು ಬೆಂಚು ಮಾಡಿಸಿದರು. ಮೂಡಿಗೆರೆಗೆ ಹೋಗಿ ಒಂದು ಫ್ಲೆಕ್ಸ್ ಪ್ರಿಂಟ್ ಹಾಕಿಸಿ ತಂದು ಮನೆಯೆದುರು ಕಟ್ಟಿದರು. ಮೇಲೆ 'ಚೀನಾದಲ್ಲಿ ಸಾಬೀತಾದ ಜಾವಳಿಯ ಔಷಧ' ಎಂಬ ತಲೆಬರಹ, ನಡುವೆ ಮರದರಿಶಿನದ ಚಿತ್ರ, ಅದರ ಹೆಸರು, ಬರ್ಬರಿನ್ನಿನ ಹೆಸರು, ಕೆಳಗೆ ಪೆನ್ನು ಕಾಣುವಂತೆ ತೆಗೆಸಿದ ಅವರದೇ ಫೋಟೊ. ಅಮ್ಮನ ಕಟ್ಟಳೆ ನೆನಪಾಗದೆ ಇರಲಿಲ್ಲ. ಆದರೆ ಬಾಯಿ ಬಿಡಬಾರದೆಂದು ಅಮ್ಮ ಹೇಳಿದ್ದೇ ಹೊರತು ಫ್ಲೆಕ್ಸಿನ ಬಗ್ಗೆ ಏನೂ ಹೇಳಿರಲಿಲ್ಲವಲ್ಲ.

ಜನ ಬಂದರು. ಬೈಕು ನಿಲ್ಲಿಸಿ, ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೊ ಹೊಡೆದುಕೊಂಡು, ಬೈಕು ಹತ್ತಿ ಹೋದರು. ಷಡಕ್ಷರಿಯವರು ಬೆಂಚು ತೋರಿಸುವಷ್ಟರಲ್ಲಿ ತಿರುವು ದಾಟಿರುತ್ತಿದ್ದರು.

ಗಣಪತಿ ಹಬ್ಬ ಕಳೆದು ತಿಂಗಳಾದರೂ ಹಾಲೇಶ್ ಬರಲಿಲ್ಲ. ಒಂದು ಬೆಳಗ್ಗೆ ಪಿಕಪ್ ಮನೆಯೆದುರು ನಿಂತಿತು. ಷಡಕ್ಷರಿಯವರು ಒಳಗೆ ಓಡಿ ಕಷಾಯಕ್ಕೆ ನೀರಿಟ್ಟು ಬಂದರು. ಹಾಲೇಶ್ ಕೆಳಗಿಳಿದಿರಲಿಲ್ಲ.

"ನಿಮ್ಮ ಬೋರ್ಡಿಂದ ಭಾರಿ ಉಪಕಾರ ಆಯ್ತು ರೈಟ್ರೆ. ಹೆಸರು ನೋಡ್ಕೊಂಡು ಆನ್‌ಲೈನಲ್ಲಿ ಮಾತ್ರೆ ತರಿಸ್ದೆ. ಬರ್ಬರಿನ್ ಅಂತಲೇ ಸಿಗುತ್ತೆ."

"ಗುಣ ಆಯ್ತಾ?"

"ಆಗಿದೆ ಅಂತ ಕಾಣುತ್ತೆ. ಇಷ್ಟು ವರ್ಷ ಸುಮ್ನೆ ನಿಮಗೆ ತೊಂದ್ರೆ ಕೊಟ್ಟೆ."

"ತೊಂದ್ರೆ ಎಂಥದ್ದು ಮಾರಾಯ. ಇಳಿ, ಗಂಜಿ ಮಾಡಿದೀನಿ."

"ಹೊಟ್ಟೆ ಸರಿ ಇದೆಯಲ್ಲ ರೈಟ್ರೆ, ಗಂಜಿ ಯಾಕೆ?"

ಅದಕ್ಕೆ ಉತ್ತರ ಷಡಕ್ಷರಿಯವರಿಗೆ ಗೊತ್ತಿತ್ತು. ಆದರೆ ಮೂವತ್ತನಾಲ್ಕು ವರ್ಷ ಬೇರೆಯವರ ಹಾಜರಿ ಹಾಕಿದವರು, ತನ್ನೆದುರು ಒಂದರ್ಧ ಗಂಟೆ ಹಾಜರಿರು ಎಂದು ಕೇಳುವುದು ಹೇಗೆ? "ಹಾಗೇ ಅಂದೆ ಅಷ್ಟೆ" ಎಂದರು. ಪಿಕಪ್ ಹೋಯಿತು.

ಆ ಸಂಜೆ ಅವರು ಕಾಡಿಗೆ ಹೋದರು. ಅಮ್ಮ ಹೆಬ್ಬೆರಳುದ್ದಕ್ಕಿಂತ ಹೆಚ್ಚು ಎಂದೂ ಕಡಿಯದಿದ್ದ ಬಳ್ಳಿಯನ್ನು ಫೋಟೊ ಹೊಡೆದುಕೊಂಡವರು ಯಾರೋ ಬುಡಸಮೇತ ಎಳೆದು ಹಾಕಿದ್ದರು. ಮಣ್ಣಿನಲ್ಲಿ ಒಂದು ಹಳದಿ ತುಂಡು ಉಳಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಬಂದರು, ಪೆನ್ನಿನ ಪಕ್ಕದಲ್ಲಿ.

ಮರುದಿನ ಬೆಳಗ್ಗೆ ಫ್ಲೆಕ್ಸ್ ಬಿಚ್ಚಿ, ತಮ್ಮ ಫೋಟೊ ಕೆಳಗಾಗುವಂತೆ ಮಡಿಸಿ ಸೌದೆಯ ಮೇಲೆ ಹೊದಿಸಿದರು. ಉಳಿದಿದ್ದ ತುಂಡನ್ನು ಕುದಿಸಿ ತಾವೇ ಕುಡಿದರು. ಹೊಟ್ಟೆಗೇನೂ ಆಗಿರಲಿಲ್ಲ. ಆದರೆ ಕುಡಿದ ಮೇಲೆ ಕಟ್ಟಳೆ ಕಟ್ಟಳೆಯೇ. ಎರಡು ಬೆಂಚುಗಳನ್ನೂ ಬಿಟ್ಟು, ರೋಗಿಗಳು ಕೂರುತ್ತಿದ್ದ ಜಗಲಿಯ ಮೂಲೆಯಲ್ಲಿ ಕೂತರು. ರೋಗಿಯೂ ಅವರೇ, ಗಂಜಿ ಕೊಡಬೇಕಾದ ಮನೆಯವರೂ ಅವರೇ.

ಮೋಡ ಕವಿದ ದಿನ. ಬಿಸಿಲು ಬಂತೆಂದು ಹೇಳಬೇಕಾದವರೂ ಅವರೇ. ಹತ್ತಾಯಿತು, ಹನ್ನೆರಡಾಯಿತು, ಒಳಗೆ ಗಂಜಿ ಕೆನೆಗಟ್ಟಿತು. ಷಡಕ್ಷರಿಯವರು ರಸ್ತೆ ನೋಡುತ್ತ, ಬಿಸಿಲು ಇನ್ನೂ ಬಂದಿಲ್ಲವೆಂದೇ ಕೂತಿದ್ದರು.