ಗೋಲಿನ ಲೆಕ್ಕಕ್ಕೆ ಸಿಗದ ಫ್ಲೋರಿನ್

ಶುಕ್ರವಾರ. ಬಿಸಿಲೇರುವ ಮೊದಲೇ ದೋಹಾದ ಅಲ್ ಥುಮಾಮಾದ ಬಾಡಿಗೆ ಮೈದಾನದಲ್ಲಿ ಫ್ಲೋರಿನ್ ಡಿಸೋಜ ಚೆಂಡನ್ನು ಎತ್ತರಕ್ಕೆ ಒದೆಯುತ್ತಾರೆ. ಗೋಲಿನ ಗೆರೆ ಬಿಟ್ಟು ಮುಂದೆ ಓಡಿಬಂದ ಹದಿನಾಲ್ಕರ ಅಸೀಫಾ ಕೈ ಚಾಚುತ್ತಾಳೆ. ಚೆಂಡು ಅವಳ ತಲೆ ಮೇಲಿಂದ ಹೋಗಿ ಬಲೆಗೆ ಬೀಳುತ್ತದೆ. "ಬಂದದ್ದು ಸರಿ ಉಂಟು ಅಸೀಫಾ. ಸ್ವಲ್ಪ ಜಾಸ್ತಿ ಮುಂದೆ ಬಂದೆ, ಅಷ್ಟೇ. ಯಲ್ಲಾ, ಬಾ ಬಾ, ಇನ್ನೊಮ್ಮೆ," ಎನ್ನುತ್ತಾರೆ ಫ್ಲೋರಿನ್.

ಮಂಗಳೂರಿನ ಬಿಜೈಯವರಾದ ಇವರು ವಾರವಿಡೀ ದೋಹಾದ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ಕೂರುತ್ತಾರೆ. ಸಂಜೆ ಮತ್ತು ಶುಕ್ರವಾರ ಬೆಳಗ್ಗೆ ಖಾಸಗಿ ಫುಟ್‌ಬಾಲ್ ಅಕಾಡೆಮಿಯೊಂದರ ಹುಡುಗಿಯರಿಗೆ ಗೋಲ್‌ಕೀಪಿಂಗ್ ಕಲಿಸುತ್ತಾರೆ. ಕಾಲೇಜಿನಲ್ಲಿ ತಾವು ಗೋಲ್‌ಕೀಪರ್ ಆದ ಕಥೆ ಕೇಳಿದರೆ ನಗುತ್ತಾರೆ. "ದಪ್ಪ ಇದ್ದವಳನ್ನು ಗೋಲಿಗೆ ನಿಲ್ಲಿಸುವುದು, ಅದೇ ಸೆಲೆಕ್ಷನ್ ಮಾರ್ರೆ. ಹೇಳಿಕೊಡುವವರು ಯಾರೂ ಇರ್ಲಿಲ್ಲ. ಚೆಂಡು ಬಂದ್ರೆ ಕಣ್ಣು ಮುಚ್ತಿದ್ದೆ."

ಇಂಥವರನ್ನು ಅಕಾಡೆಮಿ ಈ ಸೀಸನ್ ಮುಗಿದೊಡನೆ ಕೈಬಿಡಲು ಹೊರಟಿದೆ. ಹದಿನೈದರೊಳಗಿನವರ ತಂಡ ಲೀಗಿನಲ್ಲೇ ಅತಿ ಹೆಚ್ಚು ಗೋಲು ಬಿಟ್ಟಿದೆಯಂತೆ. ಬಿಡದೆ ಇನ್ನೇನು? ಫ್ಲೋರಿನ್ ಕೈಯಲ್ಲಿ ಒಬ್ಬಳು ಹದಕ್ಕೆ ಬಂದಳೋ ಇಲ್ಲವೋ, ಸೀನಿಯರ್ ತಂಡ ಎತ್ತಿಕೊಂಡು ಹೋಗುತ್ತದೆ. ಶಹನಾಝ್ ಹೋದಳು, ಅವಳ ನಂತರ ತಯಾರಾದ ಚಂದ್ರಿಕಾಳೂ ಹೋದಳು. ಸೀನಿಯರ್ ತಂಡಕ್ಕೆ ಕಪ್ ಬಂತು, ಅಲ್ಲಿನ ಕೋಚಿಗೆ ಹಾರ ಬಿತ್ತು. ಫ್ಲೋರಿನ್ ಪಾಲಿಗೆ ಮತ್ತೆ ಚೆಂಡು ಕಂಡರೆ ಮುಖ ತಿರುಗಿಸುವ ಹೊಸ ಹುಡುಗಿ. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ಬೈಗುಳ ಮಾತ್ರ ಬಿತ್ತಿದವರಿಗೆ.

"ಗೆರೆ ಬಿಟ್ಟು ಬಾ ಅಂತ ಕಲಿಸಿದ್ರೆ ಮೊದಮೊದಲು ಗೋಲು ಜಾಸ್ತಿಯೇ ಆಗ್ತದೆ," ಎನ್ನುತ್ತಾರೆ ಫ್ಲೋರಿನ್. "ದೂರ ಅಂದಾಜು ಸಿಗ್ಲಿಕ್ಕೆ ಟೈಮ್ ಬೇಕಲ್ವಾ? ಅಸೀಫಾಳನ್ನು ಗೆರೆಯಲ್ಲೇ ನಿಲ್ಲಿಸಿದ್ರೆ ನನ್ನ ಕೆಲಸ ಉಳೀಬಹುದು. ಆದ್ರೆ ಮತ್ತೆ ಅವಳು ಜನ್ಮದಲ್ಲಿ ಮುಂದೆ ಬರುವುದಿಲ್ಲ."

ಈ ಬರಹಕ್ಕೆಂದು ಅಕಾಡೆಮಿಯ ಮ್ಯಾನೇಜರ್ ಕ್ಯಾಲ್ವಿನ್ ಅವರ ಮುಂದೆ ಇದನ್ನೇ ಇಟ್ಟೆ. "ಪೇರೆಂಟ್ಸ್ ಸ್ಕೋರ್ ನೋಡ್ತಾರೆ, ನಮಗೆ ರಿಸಲ್ಟ್ ಬೇಕು. ಲಾಸ್ಟ್ ಮ್ಯಾಚಲ್ಲಿ ಅಸೀಫಾಳನ್ನು ಗೆರೆಯಲ್ಲೇ ನಿಲ್ಲಿಸ್ಲಿ. ಗೋಲು ಆಗದಿದ್ರೆ ಅವರ ಕೆಲಸದ ವಿಷಯ ಮತ್ತೆ ನೋಡುವ," ಎಂದರು. ಒಂದು ಶುಕ್ರವಾರವಾದರೂ ಪ್ರಾಕ್ಟೀಸ್ ನೋಡಲು ಬಂದಿದ್ದೀರಾ ಎಂದು ಕೇಳಿದೆ. "ಶುಕ್ರವಾರ ನನಗೆ ರಜೆ." ಅಡುಗೆಮನೆಗೆ ಕಾಲಿಡದವರು ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶನಿವಾರ ಸಂಜೆ ಕೊನೆಯ ಪಂದ್ಯ. ಗೆರೆಯಲ್ಲೇ ನಿಲ್ಲು ಎಂದು ಫ್ಲೋರಿನ್ ಹೇಳುವುದಿಲ್ಲ. ಮೊದಲರ್ಧದಲ್ಲಿ ಮುಂದೆ ಬಂದ ಅಸೀಫಾಳ ತಲೆ ಮೇಲಿಂದ ಚೆಂಡು ಸಾಗಿ ಗೋಲಾಗುತ್ತದೆ. ಅವಳ ಅಪ್ಪನೇ ಹಣೆ ಚಚ್ಚಿಕೊಳ್ಳುತ್ತಾರೆ. ಎರಡನೆಯ ಅರ್ಧದಲ್ಲಿ ಮತ್ತೆ ಅಂಥದೇ ಚೆಂಡು. ಅಸೀಫಾ ಯಾರ ಮುಖವನ್ನೂ ನೋಡುವುದಿಲ್ಲ. ಓಡಿಬಂದು ಎರಡೂ ಕೈಯಲ್ಲಿ ಬಾಚಿ ಎದೆಗವಚಿಕೊಳ್ಳುತ್ತಾಳೆ. ತಂಡ ಆ ಒಂದು ಗೋಲಿನಿಂದ ಸೋಲುತ್ತದೆ. ಕ್ಯಾಲ್ವಿನ್ ಸ್ಕೋರ್‌ಬೋರ್ಡಿನತ್ತ ಕೈ ತೋರಿಸಿ "ಖಲಾಸ್" ಎಂದು ಹೊರಟುಹೋಗುತ್ತಾರೆ.

ಫ್ಲೋರಿನ್ ಮೈದಾನದಲ್ಲಿ ಚದುರಿದ ಚೆಂಡುಗಳನ್ನು ಹೆಕ್ಕಿ ಚೀಲಕ್ಕೆ ತುಂಬುತ್ತಾರೆ. ಸಿಟ್ಟು ಬರುವುದಿಲ್ಲವೇ ಎಂದರೆ, "ಬಾರದೆ ಎಂತ?" ಎಂದು ಚೀಲದ ಬಾಯಿ ಬಿಗಿಯುತ್ತಾರೆ. "ಗೋಲು ಬಿಟ್ಟ ಮೇಲೂ ಅಸೀಫಾ ಗೆರೆ ಬಿಟ್ಟು ಬಂದಳಲ್ಲ, ನನ್ನ ರಿಸಲ್ಟ್ ಅದು. ಇನ್ನು ಬರುವ ಕೋಚಿಗೆ ನೀವಾದ್ರೂ ಒಂದು ಮಾತು ಹೇಳಿ. ಅವಳನ್ನು ವಾಪಸ್ ಗೆರೆಗೆ ಕಳಿಸುವುದು ಬೇಡ."